ದಾರಿಯಲ್ಲಿ ಕಳಚಿಬಿದ್ದ ‘ಬಹುದು’

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. 2025ರ ಬೇಸಿಗೆ ರಜೆಯಲ್ಲಿ ‘ದೂರದ ಗ್ರಹದಲ್ಲಿ ಜೀವಿಗಳು ಪತ್ತೆ’ ಎಂಬ ಸುದ್ದಿ ಎಲ್ಲೆಡೆ ಬಂತು. ನೀಲಿ ಗ್ರಹದ ಚಿತ್ರವಿದ್ದ ಆ ಪತ್ರಿಕೆಯ ತುಣುಕನ್ನು ಎತ್ತಿಟ್ಟುಕೊಂಡು, ಶಾಲೆ ತೆರೆದ ಮೊದಲ ವಾರವೇ ಗೋಡೆ ಫಲಕಕ್ಕೆ ಅಂಟಿಸಿ ಮಕ್ಕಳಿಗೆ ವಿವರಿಸಿದೆ. ದಸರಾ ರಜೆ ಮುಗಿಸಿ ಬಂದ ಒಂಬತ್ತನೆಯ ತರಗತಿಯ ಹುಡುಗನೊಬ್ಬ, ‘ಮೇಡಂ, ಅದು ಸುಳ್ಳಂತೆ. ವಿಜ್ಞಾನಿಗಳೂ ಜ್ಯೋತಿಷಿಗಳ ಹಾಗೆಯೇ ಅಲ್ಲವೇ?’ ಎಂದು ಎಲ್ಲರೆದುರು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಅದೇ ಹೊತ್ತಿಗೆ ಸೌರಮಂಡಲಕ್ಕೆ ಬಂದ ಧೂಮಕೇತುವನ್ನು ಅನ್ಯಗ್ರಹದ ನೌಕೆ ಎಂದು ಊರೆಲ್ಲ ಮಾತನಾಡಿಕೊಂಡರು. ಅತ್ತೆಯವರು ಕಲಿಯುಗ ಮುಗಿಯಿತು ಎಂದರು, ಸಹೋದ್ಯೋಗಿಯೊಬ್ಬರು ಇದೆಲ್ಲ ನಮ್ಮ ಪುರಾಣದಲ್ಲೇ ಇದೆ ಎಂದರು. ಬಾಹ್ಯಾಕಾಶದ ಸುದ್ದಿ ಬಂದಾಗಲೆಲ್ಲ ಜನ ಹೀಗೇಕೆ? ಆ ಹುಡುಗನಿಗೆ ನಾನು ಏನು ಹೇಳಲಿ?

ಉತ್ತರ: ನಿಮ್ಮ ವಿದ್ಯಾರ್ಥಿಯ ಮಾತನ್ನು ಇನ್ನೊಮ್ಮೆ ಓದಿ. ಅವನು ‘ಸುಳ್ಳು’ ಎಂದಿಲ್ಲ, ‘ಸುಳ್ಳಂತೆ’ ಎಂದಿದ್ದಾನೆ. ಕಂಡದ್ದಕ್ಕೂ ಕೇಳಿದ್ದಕ್ಕೂ ನಡುವೆ ಗೆರೆ ಎಳೆಯಲು ಕನ್ನಡಕ್ಕೆ ಎರಡಕ್ಷರ ಸಾಕು. ಮಳೆ ಬಂತು, ಮಳೆ ಬಂತಂತೆ, ಮಳೆ ಬಂದಿರಬಹುದು, ಮಳೆ ಬಂದಿದ್ದರೆ. ಈ ನಾಲ್ಕೂ ಒಂದೇ ಎಂದುಕೊಂಡು ಯಾವ ರೈತನೂ ಬಿತ್ತನೆಗೆ ಇಳಿಯುವುದಿಲ್ಲ. ಆಕಾಶದ ಸುದ್ದಿಯಲ್ಲಿ ಮಾತ್ರ ಈ ನಾಲ್ಕೂ ಕಲಸಿಹೋಗುತ್ತವೆ. ‘ಇರಬಹುದು’ ಎಂದು ಹೊರಟ ಮಾತು ನಮ್ಮ ಮನೆ ಮುಟ್ಟುವಾಗ ‘ಇದೆ’ ಆಗಿರುತ್ತದೆ. ಆಮೇಲೆ ‘ಇನ್ನೂ ಖಚಿತವಿಲ್ಲ’ ಎಂಬ ಮಾತು ಹೊರಟರೆ, ಅದು ‘ಸುಳ್ಳು’ ಆಗಿ ಮನೆ ಮುಟ್ಟುತ್ತದೆ. ಹುಡುಗನಿಗೆ ಮೋಸ ಹೋದೆ ಎನಿಸಿದರೆ ಅದು ಅವನ ತಪ್ಪಲ್ಲ. ಮಾತಿನ ತುದಿಯ ‘ಬಹುದು’ ಎಲ್ಲಿ ಕಳಚಿಬಿತ್ತು ಎಂಬುದನ್ನು ಅವನ ಜೊತೆ ಕೂತು ಹುಡುಕಬೇಕು. ಅದಕ್ಕೆ ಮೊದಲು ಆ ಗ್ರಹದ ಕಥೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಅದರ ಹೆಸರು ಕೆ2-18ಬಿ. ಕೆಪ್ಲರ್ ದೂರದರ್ಶಕ 2015ರಲ್ಲಿ ಅದನ್ನು ಪತ್ತೆಹಚ್ಚಿತು. ಸಿಂಹ ರಾಶಿಯ ದಿಕ್ಕಿನಲ್ಲಿ ಸುಮಾರು 124 ಜ್ಯೋತಿರ್ವರ್ಷ ದೂರದಲ್ಲಿದೆ. ಅಡ್ಡಳತೆ ಭೂಮಿಯ 2.6 ಪಟ್ಟು, ತೂಕ ಎಂಟೂವರೆ ಪಟ್ಟು. ಮಂಕಾದ ಕೆಂಪು ಕುಬ್ಜ ನಕ್ಷತ್ರವೊಂದನ್ನು 33 ದಿನಕ್ಕೊಮ್ಮೆ ಸುತ್ತುತ್ತದೆ. ಜೇಮ್ಸ್ ವೆಬ್ ದೂರದರ್ಶಕ 2024ರಲ್ಲಿ ಹಿಡಿದ ಬೆಳಕು ಅಲ್ಲಿಂದ ಹೊರಟಾಗ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಇನ್ನೂ ವಿದ್ಯುತ್ ಹರಿದಿರಲಿಲ್ಲ. ಅದು 1902ರ ಮಾತು. ಸೆಕೆಂಡಿಗೆ 17 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವ ವಾಯೇಜರ್-1 ನೌಕೆ ಅತ್ತ ಹೊರಟರೆ ತಲುಪಲು 22 ಲಕ್ಷ ವರ್ಷ ಬೇಕು. ‘ಅವರು ಬಂದುಬಿಟ್ಟರೆ?’ ಎಂದು ಹೆದರುವ ಮಕ್ಕಳಿಗೆ ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಾಡಿ ತೋರಿಸಿ, ಭಯ ತಾನಾಗಿ ಇಳಿಯುತ್ತದೆ.

ನಿಮ್ಮ ಫಲಕದ ಮೇಲಿನ ನೀಲಿ ಚಿತ್ರ ಫೋಟೊ ಅಲ್ಲ. ಕಲಾವಿದರು ಕಲ್ಪಿಸಿ ಬರೆದದ್ದು. ಕೆ2-18ಬಿ ಗ್ರಹವನ್ನು ಈವರೆಗೆ ಯಾವ ದೂರದರ್ಶಕವೂ ಒಂದು ಚುಕ್ಕೆಯಾಗಿಯೂ ನೋಡಿಲ್ಲ. ನಕ್ಷತ್ರದ ಮುಂದೆ ಗ್ರಹ ಹಾದುಹೋಗುವಾಗ ಬೆಳಕು ಸ್ವಲ್ಪ ಕುಗ್ಗುತ್ತದೆ. ಸಾವಿರ ಪಾಲಿದ್ದ ಬೆಳಕು 997 ಪಾಲಾಗುತ್ತದೆ, ಅಷ್ಟೇ. ಗ್ರಹದ ಅಂಚಿನ ಗಾಳಿಯ ಪದರದಲ್ಲಿ ಸೋಸಿ ಬಂದ ಬೆಳಕಿನ ಪಾಲು ಇನ್ನೂ ಕಡಿಮೆ, ಹತ್ತು ಸಾವಿರದಲ್ಲಿ ಒಂದೆರಡು. ಆ ಒಂದೆರಡು ಪಾಲನ್ನು ಬಣ್ಣಬಣ್ಣವಾಗಿ ಬಿಡಿಸಿ, ಯಾವ ಬಣ್ಣ ಎಷ್ಟು ಕುಗ್ಗಿದೆ ಎಂದು ಅಳೆದರೆ ಅಲ್ಲಿನ ಗಾಳಿಯಲ್ಲಿ ಏನೇನಿದೆ ಎಂಬ ಸುಳಿವು ಸಿಗುತ್ತದೆ. ಇದನ್ನೇ ರೋಹಿತ ಎನ್ನುತ್ತೇವೆ. ಈ ಸುದ್ದಿಗೆ ಮೂಲವಾದ ಸಂಶೋಧನಾ ಪ್ರಬಂಧದಲ್ಲಿ ಅಚ್ಚಾಗಿದ್ದ ನಕ್ಷೆಯನ್ನು ನಾನು ಬಹಳ ಹೊತ್ತು ನೋಡಿದ್ದೇನೆ. ಬಿಳಿ ಕಾಗದದ ಮೇಲೆ ಚದುರಿದ ಚುಕ್ಕೆಗಳು. ಪ್ರತಿ ಚುಕ್ಕೆಯ ಮೇಲಕ್ಕೂ ಕೆಳಕ್ಕೂ ಅಳತೆಯ ಅನಿಶ್ಚಯವನ್ನು ತೋರಿಸುವ ಗೆರೆ. ಆ ಗೆರೆಗಳ ನಡುವೆ ತೂರಿಕೊಂಡು ಮೆಲ್ಲಗೆ ಉಬ್ಬಿ ಇಳಿಯುವ ಒಂದು ವಕ್ರರೇಖೆ. ಆ ಉಬ್ಬೇ ಜಗತ್ತಿನ ಸುದ್ದಿಯಾದದ್ದು.

ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ನಿಕ್ಕು ಮಧುಸೂದನ್ ಮತ್ತು ಸಂಗಡಿಗರು 2023ರಲ್ಲೇ ಅಲ್ಲಿ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಇರುವುದನ್ನು ತೋರಿಸಿದ್ದರು. ಅದು ಗಟ್ಟಿ ಸಾಕ್ಷ್ಯ, ಇಂದಿಗೂ ನಿಂತಿದೆ. 2025ರ ಏಪ್ರಿಲ್‌ನಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಡೈಮೀಥೈಲ್ ಸಲ್ಫೈಡ್ ಅಥವಾ ಅದರ ಹತ್ತಿರದ ಬಂಧು ಡೈಮೀಥೈಲ್ ಡೈಸಲ್ಫೈಡ್‌ನ ಗುರುತು ಕಾಣುತ್ತಿದೆ ಎಂದರು. ನಮ್ಮ ಭೂಮಿಯಲ್ಲಿ ಡೈಮೀಥೈಲ್ ಸಲ್ಫೈಡ್ ಮುಖ್ಯವಾಗಿ ಕಡಲಿನ ಸೂಕ್ಷ್ಮ ಸಸ್ಯಗಳಿಂದ ಹುಟ್ಟುತ್ತದೆ. ಮಲ್ಪೆಯಲ್ಲೋ ಕಾರವಾರದಲ್ಲೋ ದಡಕ್ಕೆ ಹೋದ ಕೂಡಲೇ ಮೂಗಿಗೆ ತಾಗುವ ಕಡಲ ವಾಸನೆಯಲ್ಲಿ ಅದರ ಪಾಲೂ ಇದೆ. ಆದ್ದರಿಂದಲೇ ಎಲ್ಲರೂ ಕಿವಿ ನಿಮಿರಿಸಿದ್ದು. ನಾನೂ ನಿಮಿರಿಸಿದೆ. ಆ ರಾತ್ರಿ ಪ್ರಬಂಧವನ್ನು ಕೊನೆಯವರೆಗೆ ಓದಿಯೇ ಮಲಗಿದ್ದು.

ಈಗ ಮಕ್ಕಳಿಗೆ ಹೀಗೆ ಹೇಳಿ. ಧರ್ಮಸ್ಥಳದ ಲಕ್ಷದೀಪೋತ್ಸವಕ್ಕೆ ಹೋಗಿದ್ದೀರಿ, ಜೊತೆಗೆ ಬಂದ ತಮ್ಮ ಮಂಜುನಾಥ ಪಕ್ಕದಲ್ಲಿದ್ದಾನೆ. ಗದ್ದಲದ ನಡುವೆ ಯಾರೋ ‘ಮಂಜುನಾಥಾ’ ಎಂದು ಕೂಗಿದಂತೆ ಕೇಳಿಸಿತು. ತಮ್ಮನನ್ನೇ ಕರೆದರು ಎಂದು ಹೇಳುವ ಮೊದಲು ಮೂರು ಸಂಗತಿ ತೀರ್ಮಾನವಾಗಬೇಕು. ನಿಜಕ್ಕೂ ಯಾರಾದರೂ ಕೂಗಿದರೋ, ಗದ್ದಲವೇ ಹಾಗೆ ಕೇಳಿಸಿತೋ? ಕೂಗಿದ್ದೇ ಆದರೆ ಅದು ಮಂಜುನಾಥನೋ, ಜಗನ್ನಾಥನೋ? ಮಂಜುನಾಥನೇ ಆದರೂ ಆ ಜನಸಾಗರದಲ್ಲಿ ಅದೇ ಹೆಸರಿನವರು ಎಷ್ಟು ಮಂದಿ! ಯಾರೋ ಭಕ್ತರು ದೇವರನ್ನೇ ಕರೆದಿರಲೂಬಹುದು.

ಕೆ2-18ಬಿ ವಿಷಯದಲ್ಲಿ ನಡೆದದ್ದು ಈ ಮೂರೂ ಪರೀಕ್ಷೆ. ಕೆಲವೇ ದಿನಗಳಲ್ಲಿ ಆಕ್ಸ್‌ಫರ್ಡ್‌ನ ಜೇಕ್ ಟೇಲರ್ ಅದೇ ಮಾಹಿತಿಯನ್ನು ತೆಗೆದುಕೊಂಡು, ಆ ಚುಕ್ಕೆಗಳಿಗೆ ಉಬ್ಬಿನ ರೇಖೆಯೇ ಬೇಕಿಲ್ಲ, ನೇರ ಗೆರೆಯೊಂದನ್ನು ಎಳೆದರೂ ಸಾಕು ಎಂದು ತೋರಿಸಿದರು. ಅಂದರೆ ಗದ್ದಲವೇ ಹಾಗೆ ಕೇಳಿಸಿರಬಹುದು. ಇನ್ನೊಂದು ತಂಡ ಬೇರೆ ಹಲವು ಅನಿಲಗಳನ್ನು ಇಟ್ಟು ನೋಡಿ, ಅವೂ ಅಷ್ಟೇ ಚೆನ್ನಾಗಿ ಹೊಂದುತ್ತವೆ ಎಂದಿತು. ಜಗನ್ನಾಥನೂ ಇರಬಹುದು. ಷಿಕಾಗೋದ ತಂಡವೊಂದು ವೆಬ್‌ನ ಹಿಂದಿನ ಅಳತೆಗಳನ್ನೂ ಹೊಸದನ್ನೂ ಒಟ್ಟಿಗೆ ಸೇರಿಸಿ ಲೆಕ್ಕ ಹಾಕಿದಾಗ ಆ ಗುರುತು ಇನ್ನಷ್ಟು ಮಸುಕಾಯಿತು. ಮೂರನೆಯ ಸಂಗತಿಯೂ ಇದೆ. ಇದೇ ಡೈಮೀಥೈಲ್ ಸಲ್ಫೈಡ್ 67ಪಿ ಎಂಬ ಧೂಮಕೇತುವಿನಲ್ಲೂ ಸಿಕ್ಕಿದೆ, ನಕ್ಷತ್ರಗಳ ನಡುವಿನ ಮೋಡದಲ್ಲೂ ಸಿಕ್ಕಿದೆ, ಪ್ರಯೋಗಾಲಯದಲ್ಲಿ ಯಾವ ಜೀವಿಯ ನೆರವೂ ಇಲ್ಲದೆ ತಯಾರಾಗಿದೆ. ಮಧುಸೂದನ್ ಅವರ ತಂಡ ಸುಮ್ಮನೆ ಕೂರಲಿಲ್ಲ. ನೂರಾರು ಅನಿಲಗಳನ್ನು ಪರೀಕ್ಷಿಸಿ ಮರುಉತ್ತರ ಕೊಟ್ಟಿತು. ಆ ವಾದ ಮುಗಿದಿಲ್ಲ. ಇವರಲ್ಲಿ ಯಾರೂ ಸುಳ್ಳು ಹೇಳಿಲ್ಲ.

‘ಶೇಕಡ 99.7ರಷ್ಟು ಖಚಿತ’ ಎಂಬ ಸಾಲು ನಿಮಗೂ ನೆನಪಿರಬಹುದು. ಜನರ ತಲೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಗೊಂದಲ ಎಬ್ಬಿಸಿದ್ದು ಆ ಅಂಕಿ. ವಿಜ್ಞಾನಿಗಳು ಹೇಳಿದ್ದು ಇಷ್ಟು: ಅಲ್ಲಿ ಏನೂ ಇಲ್ಲದಿದ್ದರೂ, ಬರೀ ಆಕಸ್ಮಿಕವಾಗಿ ಇಂಥದೊಂದು ಉಬ್ಬು ಕಾಣಿಸಿಕೊಳ್ಳುವ ಸಂಭವ ಶೇಕಡ 0.3. ಇದನ್ನು ತಿರುಗಿಸಿ ‘ಜೀವಿ ಇರುವ ಸಂಭವ ಶೇಕಡ 99.7’ ಎಂದರೆ ಅದು ಬೇರೆಯದೇ ಮಾತು, ತಪ್ಪು ಮಾತು. ಮಾತಿನಲ್ಲಿ ಹೇಳಿದರೆ ಇದು ತಲೆಗೆ ಹತ್ತುವುದು ಕಷ್ಟ. ಅದಕ್ಕೆ ಒಂದು ಆಟ ಆಡಿಸಿ.

ಬೆಳಗಿನ ಪ್ರಾರ್ಥನೆಗೆ ಶಾಲೆಯ ಮಕ್ಕಳೆಲ್ಲ ಸಾಲಾಗಿ ನಿಂತಿರುತ್ತಾರಲ್ಲ, ಆಗ. ಲೆಕ್ಕಕ್ಕೆ 256 ಮಕ್ಕಳು ಎಂದುಕೊಳ್ಳೋಣ. ಪ್ರತಿಯೊಬ್ಬರ ಕೈಯಲ್ಲೂ ಒಂದು ರೂಪಾಯಿಯ ನಾಣ್ಯ. ಎಲ್ಲರೂ ಒಮ್ಮೆಗೇ ಚಿಮ್ಮಲಿ. ಸಿಂಹದ ಮುಖ ಬಿದ್ದವರು ನಿಂತಿರಲಿ, ಅಂಕಿಯ ಮುಖ ಬಿದ್ದವರು ಕೂರಲಿ. ಮೊದಲ ಸುತ್ತಿಗೆ ಅರ್ಧ ಮಕ್ಕಳು ಕೂರುತ್ತಾರೆ. ಎರಡನೆಯ ಸುತ್ತಿಗೆ ಉಳಿದವರಲ್ಲಿ ಅರ್ಧ. ಏಳನೆಯ ಸುತ್ತಿಗೆ ಮೈದಾನದಲ್ಲಿ ಇಬ್ಬರೋ ಮೂವರೋ ಉಳಿದು, ಮಿಕ್ಕವರೆಲ್ಲ ಅವರ ಹೆಸರು ಹಿಡಿದು ಕೂಗುತ್ತಿರುತ್ತಾರೆ. ಎಂಟನೆಯ ಸುತ್ತು ಮುಗಿದಾಗ ಸರಾಸರಿ ಲೆಕ್ಕದಲ್ಲಿ ಒಬ್ಬರು ನಿಂತಿರುತ್ತಾರೆ. ಸತತ ಎಂಟು ಬಾರಿ ಸಿಂಹ! ಆ ಮಗುವನ್ನು ಒಂಟಿಯಾಗಿ ನೋಡಿದವರಿಗೆ ಇವಳ ನಾಣ್ಯದಲ್ಲಿ ಏನೋ ಇದೆ ಎನಿಸುತ್ತದೆ, ಏಕೆಂದರೆ ಹಾಗಾಗುವ ಸಂಭವ 256ರಲ್ಲಿ ಒಂದು, ಶೇಕಡ 0.4. ಕೆ2-18ಬಿ ಲೆಕ್ಕಕ್ಕೆ ಬಹಳ ಹತ್ತಿರ. ಆದರೆ ಇಡೀ ಮೈದಾನವನ್ನು ನೋಡಿದವರಿಗೆ ಗೊತ್ತು, ಇಷ್ಟು ಮಂದಿ ಚಿಮ್ಮಿದಾಗ ಯಾರಾದರೊಬ್ಬರು ಹಾಗೆ ಉಳಿದರೆ ಅಚ್ಚರಿಯಿಲ್ಲ. ಆಕಾಶದಲ್ಲಿ ನಾವು ನೋಡುವ ಗ್ರಹಗಳೂ ಹಲವು, ಪ್ರತಿ ಗ್ರಹದಲ್ಲಿ ಹುಡುಕುವ ಅನಿಲಗಳೂ ಹಲವು. ಬೇರೆ ನಕ್ಷತ್ರಗಳನ್ನು ಸುತ್ತುವ, ದೃಢಪಟ್ಟ ಬಾಹ್ಯಗ್ರಹಗಳ ಲೆಕ್ಕ 2025ರ ಸೆಪ್ಟೆಂಬರ್‌ಗೆ 6000 ದಾಟಿತು. ಆದ್ದರಿಂದಲೇ ನಮ್ಮ ಖಗೋಳಜ್ಞರು ‘ಪತ್ತೆ’ ಎನ್ನುವ ಪದಕ್ಕೆ ಇನ್ನೂ ಎತ್ತರದ ಮಿತಿ ಇಟ್ಟುಕೊಂಡಿದ್ದಾರೆ. ನಾಣ್ಯದ ಆಟದಲ್ಲಿ ಹೇಳುವುದಾದರೆ ಸತತ 21 ಬಾರಿ ಸಿಂಹ ಬೀಳಬೇಕು. ಅದನ್ನು ಬರೀ ಆಕಸ್ಮಿಕವಾಗಿ ಕಾಣಲು 20 ಲಕ್ಷ ಮಕ್ಕಳಿರುವ ಶಾಲೆ ಬೇಕು. ವೆಬ್ ದೂರದರ್ಶಕದಲ್ಲಿ ಇನ್ನೂ 16ರಿಂದ 24 ಗಂಟೆ ನೋಡಿದರೆ ಆ ಮಿತಿ ಮುಟ್ಟಬಹುದು ಎಂದು ಕೇಂಬ್ರಿಡ್ಜ್ ತಂಡವೇ ಆಗ ಹೇಳಿತ್ತು. ‘ಬಹುದು’ ಅಲ್ಲಿ ಸ್ಪಷ್ಟವಾಗಿ ಇತ್ತು.

ಹಾಗಿದ್ದರೆ ಅದು ಬಿದ್ದದ್ದೆಲ್ಲಿ? ಒಂದು ಜಾಗ ನನ್ನ ಕಣ್ಣೆದುರೇ ಇದೆ. 2025ರ ಏಪ್ರಿಲ್ 17ರ ಮಧ್ಯಾಹ್ನ ವಾಹಿನಿಯೊಂದರಿಂದ ದೂರವಾಣಿ ಕರೆ ಬಂತು. ‘ಸರ್, ಜೀವಿ ಇದೆಯೋ ಇಲ್ಲವೋ, ಒಂದೇ ಮಾತಿನಲ್ಲಿ ಹೇಳಿ’ ಎಂದರು. ನಾನು ನಾಲ್ಕು ನಿಮಿಷ ಮಾತನಾಡಿದೆ. ಅದರಲ್ಲಿ ಒಂದು ವಾಕ್ಯ ಹೀಗಿತ್ತು: ‘ಆ ಅನಿಲ ಅಲ್ಲಿ ನಿಜಕ್ಕೂ ಇದ್ದರೆ, ಅದು ಜೀವಿಗಳಿಂದಲೇ ಬಂದಿದ್ದರೆ, ಇದು ಮನುಷ್ಯ ಇತಿಹಾಸದ ಅತಿ ದೊಡ್ಡ ಸುದ್ದಿಯಾಗಬಹುದು.’ ಸಂಜೆ ಪರದೆಯ ಮೇಲೆ ನನ್ನ ಮುಖದ ಕೆಳಗೆ ಓಡಿದ ಸಾಲು: ‘ಇದು ಮನುಷ್ಯ ಇತಿಹಾಸದ ಅತಿ ದೊಡ್ಡ ಸುದ್ದಿ.’ ಎರಡು ‘ದ್ದರೆ’ಗಳೂ ಹೋದವು, ‘ಬಹುದು’ ಕೂಡ ಹೋಯಿತು. ನನ್ನ ನಾದಿನಿ ಕರೆ ಮಾಡಿ ಅಭಿನಂದಿಸಿದಳು. ಅವಳಿಗೆ ವಿವರಿಸಲು ಹೊರಟು, ಅವಳ ದನಿಯಲ್ಲಿದ್ದ ಸಂತೋಷ ಇಳಿಯುತ್ತಾ ಹೋದದ್ದನ್ನು ಕೇಳಿಸಿಕೊಂಡೆ. ಅದು ನನ್ನನ್ನು ಇಂದಿಗೂ ಕಾಡುತ್ತದೆ.

ಇಲ್ಲಿ ನಮ್ಮ ಭಾಷೆಯ ಸ್ವಭಾವವೂ ಸೇರಿಕೊಂಡಿದೆ. ಕನ್ನಡದಲ್ಲಿ ಅನುಮಾನ ಕುಳಿತಿರುವುದು ಕ್ರಿಯಾಪದದ ತುದಿಯಲ್ಲಿ. ತಲೆಬರಹಕ್ಕೆ ಜಾಗ ಸಾಲದಾದಾಗ ಕತ್ತರಿ ಬೀಳುವುದೂ ತುದಿಗೇ. ‘ಜೀವಿಗಳು ಪತ್ತೆಯಾಗಿರಬಹುದು’ ಎಂಬುದು ‘ಜೀವಿಗಳು ಪತ್ತೆ’ ಆಗುತ್ತದೆ. ಕ್ರಿಯಾಪದವೇ ಇಲ್ಲದ ಮೇಲೆ ಅನುಮಾನಕ್ಕೆ ಎಲ್ಲಿ ನೆಲೆ? ಎಚ್ಚರದ ಸಂಪಾದಕರು ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆಯನ್ನಾದರೂ ಉಳಿಸುತ್ತಾರೆ. ಆ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹೋಗುವಾಗ ಆ ಚಿಹ್ನೆಯೂ ಉದುರುತ್ತದೆ. ‘ಜೀವಿ’ ಎಂಬ ಪದವೂ ತನ್ನ ಕೆಲಸ ಮಾಡುತ್ತದೆ. ಸಂಶೋಧಕರು ಮಾತನಾಡುತ್ತಿದ್ದದ್ದು ಕಣ್ಣಿಗೆ ಕಾಣದ, ಕಡಲ ಪಾಚಿಯಂಥ ಜೀವದ ಬಗ್ಗೆ. ನಾವು ‘ಅನ್ಯಗ್ರಹ ಜೀವಿ’ ಎಂದ ಕೂಡಲೇ ಓದುಗರ ಮನಸ್ಸಿನಲ್ಲಿ ದೊಡ್ಡ ತಲೆ, ದೊಡ್ಡ ಕಣ್ಣಿನ ಯಾರೋ ಎದ್ದು ನಿಲ್ಲುತ್ತಾರೆ. ‘ಸೂಕ್ಷ್ಮಜೀವಿಗಳ ಸುಳಿವು ಇರಬಹುದಾದ ಅನಿಲ’ ಎಂದು ಬರೆದಿದ್ದರೆ ಅಷ್ಟು ಮಂದಿ ಓದುತ್ತಿರಲಿಲ್ಲವೇನೋ. ಓದಿದವರು ಮಾತ್ರ ಆರು ತಿಂಗಳ ನಂತರ ಮೋಸ ಹೋದೆವು ಎನ್ನುತ್ತಿರಲಿಲ್ಲ.

ತಪ್ಪನ್ನೆಲ್ಲ ಪತ್ರಕರ್ತರ ತಲೆಗೆ ಕಟ್ಟುವುದು ನ್ಯಾಯವಲ್ಲ. ‘ಈವರೆಗಿನ ಅತಿ ಪ್ರಬಲ ಸುಳಿವು’ ಎಂದು ಪತ್ರಿಕಾ ಪ್ರಕಟಣೆ ಹೊರಡಿಸಿದವರು ವಿಜ್ಞಾನಿಗಳೇ. ಇದೇ ಗ್ರಹದಲ್ಲಿ ನೀರಾವಿ ಸಿಕ್ಕಿತು ಎಂದು 2019ರಲ್ಲೂ ದೊಡ್ಡ ಸುದ್ದಿಯಾಗಿತ್ತು. ಹಬಲ್ ದೂರದರ್ಶಕಕ್ಕೆ ಕಂಡ ಆ ಗುರುತು ಮೀಥೇನ್‌ನದಿರಬೇಕು ಎಂದು ವೆಬ್ ಬಂದ ಮೇಲೆ ತಿಳಿಯಿತು. 1996ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಶ್ವೇತಭವನದ ಹೊರಗೆ ನಿಂತು, ಮಂಗಳನಿಂದ ಬಂದು ಅಂಟಾರ್ಕ್ಟಿಕಾದಲ್ಲಿ ಸಿಕ್ಕ ಉಲ್ಕಾಶಿಲೆಯ ಬಗ್ಗೆ ಮಾತನಾಡಿದ್ದರು. ಆ ಕಲ್ಲಿನಲ್ಲಿ ಕಂಡ ಹುಳುವಿನಾಕಾರದ ರಚನೆಗಳು ಜೀವದ ಕುರುಹು ಎಂಬ ವಾದವನ್ನು ಇಂದು ಹೆಚ್ಚಿನವರು ಒಪ್ಪುವುದಿಲ್ಲ. ಅಧ್ಯಕ್ಷರು ‘ದೃಢಪಟ್ಟರೆ’ ಎಂದೇ ಹೇಳಿದ್ದರು. ಆದರೆ ಅಂಥ ಜಾಗದಲ್ಲಿ ನಿಂತು ಅಂಥವರು ಆಡಿದ ಮಾತಿನಲ್ಲಿ ‘ರೆ’ ಯಾರಿಗೆ ಕೇಳಿಸೀತು?

ಇದಕ್ಕೆ ಎದುರಾಗಿ ನನಗೆ ಬಹಳ ಇಷ್ಟವಾದ ಇನ್ನೊಂದು ಪ್ರಸಂಗವಿದೆ. 1967ರ ನವೆಂಬರ್‌ನಲ್ಲಿ ಕೇಂಬ್ರಿಡ್ಜ್‌ನ ಸಂಶೋಧನಾ ವಿದ್ಯಾರ್ಥಿನಿ ಜೋಸೆಲಿನ್ ಬೆಲ್, ಆಕಾಶದ ಒಂದು ಬಿಂದುವಿನಿಂದ 1.337 ಸೆಕೆಂಡಿಗೊಮ್ಮೆ ಗಡಿಯಾರದಂತೆ ಬರುತ್ತಿದ್ದ ರೇಡಿಯೊ ಮಿಡಿತವನ್ನು ಕಂಡರು. ಅಷ್ಟು ಕರಾರುವಾಕ್ಕಾದದ್ದು ಯಾರೋ ಕಳಿಸಿದ ಸಂಕೇತವಿರಬಹುದೇ ಎಂಬ ಅನುಮಾನ ಬಂತು. ತಂಡದವರು ಅದನ್ನು ‘ಪುಟ್ಟ ಹಸಿರು ಮನುಷ್ಯರು’ ಎಂಬ ಅಡ್ಡಹೆಸರಿನಿಂದ ಕರೆದದ್ದೂ ನಿಜ. ಆದರೆ ಓಡಿಹೋಗಿ ಹೇಳಲಿಲ್ಲ. ಉಪಕರಣದ ದೋಷವೇ ಎಂದು ನೋಡಿದರು, ಬೇರೆ ದಿಕ್ಕಿನಲ್ಲಿ ಹುಡುಕಿದರು. ಬೆಲ್ ಅವರಿಗೆ ಆಕಾಶದ ಬೇರೆಡೆಯಿಂದ ಅಂಥದೇ ಎರಡನೆಯ ಮಿಡಿತ ಸಿಕ್ಕಿತು. ಎರಡು ಬೇರೆ ಬೇರೆ ಮೂಲೆಗಳಿಂದ ಎರಡು ಲೋಕದವರು ಒಂದೇ ಸಮಯಕ್ಕೆ ನಮ್ಮನ್ನು ಕರೆಯುವುದು ನಂಬಲಾಗದ ಮಾತು. 1968ರ ಫೆಬ್ರವರಿಯಲ್ಲಿ ಪ್ರಕಟವಾದದ್ದು ಹೊಸ ಬಗೆಯ ನಕ್ಷತ್ರದ ಸುದ್ದಿ, ಪಲ್ಸಾರ್. ಮಕ್ಕಳಿಗೆ ಈ ಕಥೆಯನ್ನು ತಪ್ಪದೆ ಹೇಳಿ. ಅನ್ಯಗ್ರಹ ಜೀವಿಗಳು ಸಿಗಲಿಲ್ಲ ಎಂದು ಅಲ್ಲಿ ಯಾರೂ ನಿರಾಶರಾಗಲಿಲ್ಲ.

ನಿಮ್ಮ ಅತ್ತೆಯವರ ಭಯದ ವಿಷಯಕ್ಕೆ ಬರುತ್ತೇನೆ. ಅದನ್ನು ನಾನು ಹಗುರವಾಗಿ ನೋಡಲಾರೆ, ಏಕೆಂದರೆ ಆ ಭಯದ ಮನೆಯಲ್ಲೇ ನಾನೂ ಬೆಳೆದದ್ದು. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲೆಯ ಕಡೆಯಿಂದ ನಮ್ಮ ನಾಡನ್ನು ಹೊಕ್ಕು ಹುಬ್ಬಳ್ಳಿ, ರಾಯಚೂರಿನ ಮೇಲೆ ಹಾದುಹೋಯಿತು. ಹೊರನಾಡುಗಳಿಂದಲೂ ಖಗೋಳಜ್ಞರು ಬಂದು, ರಾಯಚೂರು ಜಿಲ್ಲೆಯ ಜವಳಗೇರಾದಂಥ ಹಳ್ಳಿಗಳಲ್ಲಿ ಉಪಕರಣ ಹೂಡಿ ಕಾದಿದ್ದರು. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಕಿಟಕಿ ಬಾಗಿಲು ಮುಚ್ಚಿ, ಸಂದಿಗೆ ಹಳೆಯ ಸೀರೆ ತುರುಕಿ, ನೀರಿನ ಹಂಡೆಗೆ ದರ್ಭೆ ಹಾಕಿ ಕೂತಿದ್ದೆವು. ನನಗೆ ಹತ್ತು ವರ್ಷ. ಹೊರಗೆ ಕತ್ತಲಾದದ್ದು ಬಾಗಿಲ ಕೆಳಗಿನ ಬೆಳಕಿನ ಗೆರೆ ಮಾಯವಾದಾಗ ತಿಳಿಯಿತು. ಹಕ್ಕಿಗಳ ಸದ್ದು ನಿಂತಿತು. ಮತ್ತೆ ಆ ಗೆರೆ ಮೂಡಿತು. ನನ್ನ ತಲೆಯ ಮೇಲೆಯೇ ಹಾದುಹೋದ ಆ ಎರಡು ನಿಮಿಷ ನನಗೆ ಸಿಗಲಿಲ್ಲ. ನಾನು ಖಗೋಳಶಾಸ್ತ್ರದ ಬೆನ್ನು ಹತ್ತಿದ್ದಕ್ಕೆ ಆ ಮುಚ್ಚಿದ ಬಾಗಿಲೂ ಒಂದು ಕಾರಣ. 2019ರ ಡಿಸೆಂಬರ್ 26ರ ಕಂಕಣ ಗ್ರಹಣದ ದಿನ ಮಂಗಳೂರಿನಲ್ಲಿ, ಕೊಡಗಿನಲ್ಲಿ ಜನ ಸೌರ ಕನ್ನಡಕ ಹಿಡಿದು ಬಯಲಿನಲ್ಲಿ ಸೇರಿದ್ದರು. ಅದೇ ದಿನ ಕಲಬುರಗಿಯ ಕಡೆ ಅಂಗವಿಕಲ ಮಕ್ಕಳನ್ನು, ಕಾಯಿಲೆ ಗುಣವಾಗುತ್ತದೆಂದು, ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿಟ್ಟ ಸುದ್ದಿ ಬಂತು. ಒಂದೇ ಗ್ರಹಣ, ಒಂದೇ ರಾಜ್ಯ. ನಾವು ಮಾತನಾಡುವುದು ಎಷ್ಟು ಮುಖ್ಯ ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿಲ್ಲ.

ಭಯ ನಮ್ಮಲ್ಲಿ ಮಾತ್ರ ಎಂದು ನಾಚಬೇಕಾಗಿಲ್ಲ. 1910ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ಅಮೆರಿಕದ ಯರ್ಕಿಸ್ ವೀಕ್ಷಣಾಲಯದವರು ಇದೇ ರೋಹಿತದ ವಿಧಾನದಿಂದ ಅದರಲ್ಲಿ ಸಯನೋಜನ್ ಎಂಬ ವಿಷಾನಿಲವನ್ನು ಗುರುತಿಸಿದರು. ಮೇ ತಿಂಗಳಲ್ಲಿ ಭೂಮಿ ಆ ಬಾಲದೊಳಗೆ ಹಾಯಬೇಕಿತ್ತು. ಅನಿಲ ಎಷ್ಟು ತೆಳುವೆಂದರೆ ಏನೂ ಆಗದು ಎಂದು ಬಹುಪಾಲು ಖಗೋಳಜ್ಞರು ಹೇಳಿದರೂ, ದೊಡ್ಡ ನಗರಗಳಲ್ಲಿ ಜನ ಬೀಗದ ಕಿಂಡಿಗೆ ಕಾಗದ ತುರುಕಿದರು, ‘ಧೂಮಕೇತು ಮಾತ್ರೆ’ ಕೊಂಡು ನುಂಗಿದರು. ಏನೂ ಆಗಲಿಲ್ಲ. ಅಂದು ನಕ್ಷೆಯ ಮೇಲಿನ ಒಂದು ಅನಿಲ ಸಾವಿನ ಸುದ್ದಿಯಾಯಿತು, 2025ರಲ್ಲಿ ಇನ್ನೊಂದು ಅನಿಲ ಜೀವದ ಸುದ್ದಿಯಾಯಿತು. ಎರಡರಲ್ಲೂ ಕಳೆದುಹೋದದ್ದು ‘ಎಷ್ಟು’ ಮತ್ತು ‘ಎಷ್ಟು ಖಚಿತ’ ಎಂಬ ಪ್ರಶ್ನೆಗಳು.

‘ನೌಕೆ’ ಎಂದು ನಿಮ್ಮೂರಿನವರು ಮಾತನಾಡಿಕೊಂಡ 3ಐ/ಅಟ್ಲಾಸ್ ಕಥೆ ಸ್ವಲ್ಪ ಬೇರೆ. 2025ರ ಜುಲೈ 1ರಂದು ಚಿಲಿಯ ದೂರದರ್ಶಕ ಕಂಡುಹಿಡಿದ ಇದು, ಬೇರೆ ನಕ್ಷತ್ರಲೋಕದಿಂದ ನಮ್ಮ ಸೌರಮಂಡಲಕ್ಕೆ ಬಂದದ್ದೆಂದು ಗೊತ್ತಾದ ಮೂರನೆಯ ಕಾಯ. ಹಾರ್ವರ್ಡ್‌ನ ಅವಿ ಲೋಬ್ ಇದು ತಾಂತ್ರಿಕ ವಸ್ತುವಿರಬಹುದು ಎಂಬ ಸಾಧ್ಯತೆಯನ್ನು ಎತ್ತಿದರು. ಇಲ್ಲಿಯೂ ‘ಬಹುದು’ ಬೇಗನೇ ಬಿತ್ತು. ಅಕ್ಟೋಬರ್ ಮೊದಲಲ್ಲಿ ಮಂಗಳನ ಸುತ್ತಲಿನ ನೌಕೆ ತೆಗೆದ ಚಿತ್ರಗಳು ಹೊರಬರಲು ನವೆಂಬರ್ 19 ಆಯಿತು, ಏಕೆಂದರೆ ಆ ನಡುವೆ ಅಮೆರಿಕ ಸರ್ಕಾರದ ಕಚೇರಿಗಳು ಅನುದಾನವಿಲ್ಲದೆ ಮುಚ್ಚಿದ್ದವು. ಆ ಮೌನವನ್ನು ಜನ ‘ಮುಚ್ಚಿಡುತ್ತಿದ್ದಾರೆ’ ಎಂದು ಓದಿಕೊಂಡರು. ಮೌನ ಎಷ್ಟು ಬೇಗ ಹುತ್ತ ಕಟ್ಟುತ್ತದೆ ನೋಡಿ. ಮುಚ್ಚಿಡುವುದು ಸಾಧ್ಯವೇ ಇರಲಿಲ್ಲ. ಜಗತ್ತಿನಾದ್ಯಂತ ಹವ್ಯಾಸಿಗಳೂ ಅದನ್ನು ನೋಡುತ್ತಿದ್ದರು. ನಮ್ಮದೇ ಮೌಂಟ್ ಆಬುವಿನ 1.2 ಮೀಟರ್ ದೂರದರ್ಶಕವೂ ನೋಡಿ, ಧೂಮಕೇತುಗಳಲ್ಲಿ ಮಾಮೂಲಾಗಿ ಸಿಗುವ ಅನಿಲಗಳ ಗುರುತನ್ನೇ ಕಂಡಿತು. ಡಿಸೆಂಬರ್ 19ರಂದು ಅದು ಭೂಮಿಗೆ ಅತಿ ಹತ್ತಿರ ಬಂದಾಗಲೂ ಸುಮಾರು 27 ಕೋಟಿ ಕಿಲೋಮೀಟರ್ ಆಚೆಯಿತ್ತು. ಬೇರೆ ನಕ್ಷತ್ರದ ಮಡಿಲಲ್ಲಿ ಹುಟ್ಟಿದ ಹಿಮಗಡ್ಡೆ ನಮ್ಮ ಅಂಗಳ ಹಾದುಹೋಯಿತು ಎಂಬುದೇ ಮೈ ನವಿರೇಳಿಸುವ ಸಂಗತಿ. ಅದನ್ನು ನೌಕೆ ಮಾಡುವ ಭರದಲ್ಲಿ ಆ ನಿಜವಾದ ಬೆರಗು ಎಷ್ಟೋ ಜನರ ಕೈತಪ್ಪಿತು.

ನಿಮ್ಮ ಸಹೋದ್ಯೋಗಿಯ ಮಾತಿಗೆ ಜಗಳ ಬೇಡ. ಹದಿನಾಲ್ಕು ಲೋಕಗಳ ಕಲ್ಪನೆ ನಮ್ಮ ಹಿರಿಯರ ಮನಸ್ಸು ಎಷ್ಟು ದೂರ ಚಾಚಿತ್ತು ಎಂಬುದನ್ನು ತೋರಿಸುತ್ತದೆ, ಅದಕ್ಕೆ ಗೌರವ ಇರಲಿ. ಆದರೆ ಸಿಂಹ ರಾಶಿಯ ಯಾವ ನಕ್ಷತ್ರದ ಸುತ್ತ, ಎಷ್ಟು ದಿನಕ್ಕೊಮ್ಮೆ, ಯಾವ ಅನಿಲ ಎಂಬ ಪ್ರಶ್ನೆಗೆ ಉತ್ತರ ಅಳತೆಯಿಂದಲೇ ಬರಬೇಕು. ಅಭಿಮಾನದ ಇನ್ನೊಂದು ಬಗೆಯನ್ನೂ ನಾನು ಕಂಡೆ. ಮಧುಸೂದನ್ ಭಾರತದಲ್ಲಿ ಹುಟ್ಟಿ, ವಾರಾಣಸಿಯ ತಂತ್ರಜ್ಞಾನ ಸಂಸ್ಥೆಯಲ್ಲಿ ಓದಿದವರು. ‘ನಮ್ಮವರು ಕಂಡುಹಿಡಿದರು’ ಎಂದು ಸಂಭ್ರಮಿಸಿದ ಕೆಲವರು, ಟೀಕೆಗಳು ಬಂದಾಗ ‘ಹೊಟ್ಟೆಕಿಚ್ಚು’ ಎಂದರು. ಹಾಗಲ್ಲ. ನಮ್ಮ ಕ್ಷೇತ್ರದಲ್ಲಿ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ವಾರಗಟ್ಟಲೆ ಕೂತು ಮತ್ತೆ ಮಾಡುತ್ತಾರೆಂದರೆ ಅದು ಆ ಕೆಲಸಕ್ಕೆ ಸಲ್ಲುವ ಮರ್ಯಾದೆ. ಯೋಗ್ಯವಲ್ಲದ ಕೆಲಸವನ್ನು ಯಾರೂ ಪರೀಕ್ಷಿಸುವುದಿಲ್ಲ.

ಜ್ಯೋತಿಷಿಗಳ ಹೋಲಿಕೆಗೆ ಉತ್ತರವೂ ಇಲ್ಲಿಯೇ ಇದೆ. ಹುಡುಗನನ್ನು ಕೇಳಿ: ಆ ಸುದ್ದಿ ಸರಿಯಿಲ್ಲ ಎಂದು ನಿನಗೆ ಹೇಳಿದವರು ಯಾರು? ಅವರೂ ಖಗೋಳ ವಿಜ್ಞಾನಿಗಳೇ. ಅದೇ ದೂರದರ್ಶಕದ, ಎಲ್ಲರಿಗೂ ತೆರೆದಿಟ್ಟ ಅದೇ ಮಾಹಿತಿ ಹಿಡಿದು, ಹೆಸರು ಹಾಕಿ, ಲೆಕ್ಕ ಬರೆದು ಹೇಳಿದರು. ಭವಿಷ್ಯ ತಪ್ಪಿದಾಗ ಅದೇ ಕುಂಡಲಿ ಹಿಡಿದು ಇನ್ನೊಬ್ಬ ಜ್ಯೋತಿಷಿ ಹೀಗೆ ಲೆಕ್ಕ ಪ್ರಕಟಿಸಿದ್ದನ್ನು ಅವನು ಎಲ್ಲಾದರೂ ಕಂಡಿದ್ದಾನೆಯೇ?

2025ರ ಸೆಪ್ಟೆಂಬರ್ 10ರ ಸುದ್ದಿಯನ್ನು ಅವನು ಓದಿರಲಿಕ್ಕಿಲ್ಲ. ಮಂಗಳನ ಮೇಲೆ ಪರ್ಸೀವಿಯರೆನ್ಸ್ ಬಂಡಿ 2024ರ ಜುಲೈನಲ್ಲಿ ಕೊರೆದ ಒಂದು ಬಂಡೆಯ ಮೇಲೆ ಚಿರತೆಯ ಮೈಚುಕ್ಕೆಯಂಥ ಗುರುತುಗಳಿವೆ. ಅವುಗಳ ಅಂಚಿನ ಕಬ್ಬಿಣದ ಖನಿಜಗಳು ಭೂಮಿಯಲ್ಲಿ ಎಷ್ಟೋ ಸಲ ಸೂಕ್ಷ್ಮಜೀವಿಗಳ ಜೊತೆ ಸಿಗುತ್ತವೆ. ಒಂದು ವರ್ಷದ ಪರಿಶೀಲನೆಯ ನಂತರ ಪ್ರಬಂಧ ಬಂತು, ಅದರಲ್ಲಿ ಬಳಸಿದ ಪದ ‘ಸಂಭಾವ್ಯ ಜೈವಿಕ ಗುರುತು’. ನನ್ನ ಮಟ್ಟಿಗೆ ಇದು ಕೆ2-18ಬಿಗಿಂತ ಗಟ್ಟಿಯಾದ ಸುದ್ದಿ. ಆದರೆ ನಾನು ಕಂಡಂತೆ ನಮ್ಮಲ್ಲಿ ಅದಕ್ಕೆ ಅರ್ಧದಷ್ಟೂ ಸದ್ದಾಗಲಿಲ್ಲ. ಇಂಥ ಸುದ್ದಿಗಳನ್ನು ತೂಗಲು ನಾಸಾದ ವಿಜ್ಞಾನಿಗಳು 2021ರಲ್ಲಿ ಏಳು ಮೆಟ್ಟಿಲಿನ ಅಳತೆಗೋಲೊಂದನ್ನು ಸೂಚಿಸಿದ್ದಾರೆ. ಮೊದಲ ಮೆಟ್ಟಿಲು ಗುರುತು ಕಂಡದ್ದು. ಆಮೇಲೆ ಅದು ನಮ್ಮದೇ ಕಲಬೆರಕೆಯಲ್ಲ ಎಂಬ ಖಾತ್ರಿ, ಜೀವವಿಲ್ಲದೆ ಅದು ಆಗಲು ಬೇರೆ ದಾರಿ ಇದೆಯೇ ಎಂಬ ಹುಡುಕಾಟ, ಬೇರೆಯವರ ಬೇರೆ ಸಾಕ್ಷ್ಯ, ಹೀಗೆ ಏರುತ್ತದೆ. ಕೆ2-18ಬಿ ಇನ್ನೂ ಮೊದಲ ಮೆಟ್ಟಿಲಿನಲ್ಲಿ ಕಾಲೂರಲು ಹೆಣಗುತ್ತಿದೆ.

ಫಲಕದ ಮೇಲಿನ ತುಣುಕನ್ನು ದಯವಿಟ್ಟು ಕಿತ್ತು ಹಾಕಬೇಡಿ. ಅದರ ಪಕ್ಕದಲ್ಲಿ ಏಳು ಮೆಟ್ಟಿಲಿನ ಚಿತ್ರವೊಂದನ್ನು ಆ ಹುಡುಗನಿಂದಲೇ ಬರೆಸಿ. ತುಣುಕಿನ ಕೆಳಗೆ ಒಂದು ಚೀಟಿ ಅಂಟಿಸಿ, ‘2025 ಏಪ್ರಿಲ್: ಇರಬಹುದು ಎಂದರು. ಕೆಲವೇ ವಾರಗಳಲ್ಲಿ: ಸಾಕ್ಷ್ಯ ಸಾಲದು ಎಂದು ಬೇರೆಯವರು ತೋರಿಸಿದರು’ ಎಂದು ಬರೆಯಿರಿ. ಮುಂದೆ ಹೊಸ ಅಳತೆ ಬಂದಾಗ ಇನ್ನೊಂದು ಚೀಟಿ ಅಂಟಿಸುವುದು ಅವನ ಜವಾಬ್ದಾರಿಯಾಗಲಿ. ಅವನು ಹತ್ತನೆಯ ತರಗತಿ ಮುಗಿಸಿ ಹೋಗುವಾಗ ಆ ಕೆಲಸವನ್ನು ಕಿರಿಯರಿಗೆ ವಹಿಸಿ ಹೋಗಲಿ. ನಾಣ್ಯದ ಆಟ ಆಡಿಸಿದ ದಿನ ಕೊನೆಗೆ ಉಳಿದ ಮಗು ಎಷ್ಟನೆಯ ಸುತ್ತಿನವರೆಗೆ ನಿಂತಿತ್ತು ಎಂಬುದನ್ನು ನನಗೂ ಬರೆದು ತಿಳಿಸಿ.